ಇತರೆ, ವಿವರಿಸಿ

ಲಗ್ಗೆರೆ. ರಾಜಕಾಲುವೆಯ ಮಗ್ಗುಲಿನ ಓಣಿ.
ಹೋದ ಆಷಾಢದಲ್ಲೂ ಬಂದಿದ್ದೆ,
ಇದೇ ಹದಿನೆಂಟು ಪುಟದ ಫಾರಂ, ದಾರ ಕಟ್ಟಿದ ಇದೇ ಪೆನ್ನು.
ಕಬ್ಬಿಣದಂಶ ಅಂದರೇನು ಎಂದು ಕೇಳಿದ್ದೆ.
"ಕೆಜಿಗೆ ಮೂವತ್ತು" ಎಂದಿದ್ದಳು ಶಹತಾಜ್,
ಗಂಡನದು ಗುಜರಿ ಅಂಗಡಿ.
ತಿಳಿದಿಲ್ಲ, ಸೊನ್ನೆ, ಎಂದು ಬರೆದುಕೊಂಡಿದ್ದೆ.

ಈಗ ಹನ್ನೊಂದು ತಿಂಗಳ ಪಾಠ ಮುಗಿದಿದೆ.
ಅಂಗನವಾಡಿ ಗೋಡೆಗೆ ಐದು ಬಣ್ಣದ ತಟ್ಟೆ ಬಂದಿದೆ.
ಸೊಪ್ಪಿನ ಹಸಿರು, ಗೇಟಿಗೆ ಬಳಿದು ಮಿಕ್ಕ ಪೇಂಟು.
ಮೊಟ್ಟೆಗೆ ಮಾತ್ರ ಬಣ್ಣವಿಲ್ಲ, ಅದು ಗೋಡೆಯ ಸುಣ್ಣವೇ;
ಯಾರೋ ಪುಟ್ಟ ಉಗುರಿನಿಂದ ಕೆರೆದು ತಿಂದಿದ್ದಾರೆ.
"ಸುಣ್ಣ ತಿನ್ನೋ ಮಕ್ಕಳು ಏಳಿದ್ವು, ಈಗ ಎರಡು,"
ಟೀಚರು ಪುಟ್ಟಗೌರಮ್ಮ ಬೆರಳು ತೋರಿಸಿದರು,
"ಅದಕ್ಕೊಂದು ಕಾಲಂ ಇದೆಯಾ ನಿಮ್ಮದ್ರಲ್ಲಿ?"
ಇರಲಿಲ್ಲ.

ಪ್ರಶ್ನೆ ಏಳು, ರಾಗಿಯಲ್ಲಿ ಏನಿದೆ?
ಕೇಳಿ ಮುಗಿಸುವ ಮೊದಲೇ ಉತ್ತರ,
ಹೊಸ್ತಿಲಲ್ಲಿ ನಿಂತ ನೆರೆಯವಳದೂ ಸೇರಿ.
ಹತ್ತಕ್ಕೆ ಹತ್ತು. ಹತ್ತಕ್ಕೆ ಒಂಬತ್ತು. ಹತ್ತಕ್ಕೆ ಹತ್ತು.
ಆಫೀಸಿನಲ್ಲಿ ಗೆರೆ ಮೇಲೇರುತ್ತದೆ, ಕೇಕು ತರಿಸುತ್ತಾರೆ.

ಪ್ರಶ್ನೆ ಇಪ್ಪತ್ತಮೂರು,
ನಿನ್ನೆ ಬೆಳಗಿನಿಂದ ಏನೇನು ತಿಂದಿರಿ?
ಓಣಿಯ ಮಾತು ಇಲ್ಲಿ ತಗ್ಗುತ್ತದೆ.
ಯಲ್ಲವ್ವ ಹೇಳುತ್ತಾಳೆ, ಸೊಪ್ಪು, ಬೇಳೆ, ಬಾಳೆಹಣ್ಣು,
ಗೋಡೆಯ ತಟ್ಟೆ ಇದ್ದ ಕ್ರಮದಲ್ಲೇ, ಎಡದಿಂದ ಬಲಕ್ಕೆ.
ಒಳಗಿಂದ ಮಗ, "ಅವ್ವಾ, ನಿನ್ನಿ ಚುರಮರಿ ಅಲ್ಲೇನ?"
ಎಲ್ಲರೂ ನಕ್ಕರು. ಯಲ್ಲವ್ವ ಎಲ್ಲರಿಗಿಂತ ಜೋರು.
ಗೀಟು ಹೊಡೆದು ಪಕ್ಕದಲ್ಲಿ ಸಹಿ ಹಾಕಿದೆ, ಅದು ನಿಯಮ.

"ಅಲ್ಲಕ್ಕಾ, ನೀ ಏನ್ ತಿಂದಿ ನಿನ್ನಿ?"

ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.
ಫಾರಂ ಒಂದಕ್ಕೆ ನಲವತ್ತು ರೂಪಾಯಿ ನನಗೆ.
ಬೆಳಗ್ಗೆ ಟೀ. ಮಧ್ಯಾಹ್ನ ದಿಲ್‌ಪಸಂದ್, ಅರ್ಧ.
ಸಂಜೆ ಟೀ. ರಾತ್ರಿ ಎಲ್ಲರಿಗೂ ಬಡಿಸಿ
ಪಾತ್ರೆಯ ತಳದಲ್ಲಿ ಉಳಿದ ತಿಳಿಸಾರು, ಅನ್ನ.
ಹೇಳಿಬಿಟ್ಟೆ.
"ಬಿಳಿ, ಕಂದು. ಎರಡೇ ಬಣ್ಣ," ಶಹತಾಜ್ ಎಣಿಸಿದಳು,
"ಮೇಡಂಗೆ ಹತ್ತಕ್ಕೆ ಎರಡು."

ಆಮೇಲೆ ಮಗುವಿನ ತೋಳಿಗೆ ಪಟ್ಟಿ ಸುತ್ತಿದೆ.
ಹೋದ ವರ್ಷ ಹಳದಿಯಲ್ಲಿ ನಿಂತಿದ್ದ ತೋಳು
ಕೂದಲೆಳೆಯಷ್ಟು ಹಸಿರಿಗೆ ಬಂದಿದೆ.
ಪಾಠದಿಂದಲೋ, ಓಣಿಗೆ ನಲ್ಲಿ ಬಂದದ್ದರಿಂದಲೋ,
ಈ ಬೇಸಿಗೆ ಭೇದಿ ಇತ್ತ ತಲೆಹಾಕದೆ ಹೋದದ್ದರಿಂದಲೋ,
ಬರೀ ಒಂದು ವರ್ಷ ದೊಡ್ಡದಾದದ್ದರಿಂದಲೋ,
ಪಟ್ಟಿ ಅಷ್ಟೆಲ್ಲ ಹೇಳುವುದಿಲ್ಲ.

ಚೀಲ ಹೆಗಲಿಗೇರಿಸುವಾಗ ಕಂಡಿತು
ಬಾಗಿಲ ಹಿಂದೆ ಒದ್ದೆ ಗೋಣಿ, ಒಳಗೆ ದಂಟಿನಸೊಪ್ಪು.
ವಾರಕ್ಕೆರಡು ರಾತ್ರಿ ಸರದಿ ಮೇಲೆ ಇಬ್ಬರು ಯಶವಂತಪುರಕ್ಕೆ,
ಸೊನ್ನೆ ರೂಪಾಯಿ ಟಿಕೆಟ್ಟು,
ಸೊಪ್ಪಿನವರು ಗೋಣಿ ಮಡಚುವ ಹೊತ್ತಿಗೆ.
ಮೂವತ್ತರ ಕಟ್ಟು ಹತ್ತಕ್ಕೆ. ಏಳು ಮನೆಗೆ ಏಳು ಪಾಲು.
"ಕ್ಲಾಸಲ್ಲಿ ಹೇಳಿಕೊಟ್ರಾ?"
"ಇಲ್ಲ ಮೇಡಂ. ಕ್ಲಾಸಿನವರು ಯಾವಾಗ್ಲೂ ಲೇಟು.
ಕಾಯ್ತಾ ಕೂತಿರ್ತಿದ್ವಲ್ಲಾ,
ಆವಾಗ ಮಾತಾಡ್ಕೊಂಡಿದ್ದು."

ಕೊನೆಯ ಪುಟ. ಇತರೆ, ವಿವರಿಸಿ.
ಎರಡು ಬೆರಳಗಲದ ಗೆರೆ.
ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಬರೆದೆ,
ಗೆರೆ ಮುಗಿಯಿತು, ಅಂಚಿಗೆ ತಿರುಗಿಸಿದೆ,
ಅಂಚೂ ಮುಗಿಯಿತು, ಹಿಂಬದಿಗೆ.

ಸೂಪರ್‌ವೈಸರ್ ತಿಪ್ಪೇಶ ಫೋನಿನಲ್ಲಿ ಕೇಳಿದ,
"ಇದಕ್ಕೆ ಕೋಡ್ ಏನು ಹಾಕ್ಲಿ?"
ತೊಂಬತ್ತೊಂಬತ್ತು ಎಂದೆ.
ಅದರಲ್ಲಿ ಗೊತ್ತಿಲ್ಲದ್ದೂ ಹೋಗುತ್ತದೆ, ಹೇಳದ್ದೂ ಹೋಗುತ್ತದೆ.

ಬಸ್ಸಿನಲ್ಲಿ ನನ್ನ ಸ್ಟಾಪು ಬಂತು. ಏಳಲಿಲ್ಲ.
ಯಶವಂತಪುರದಲ್ಲಿ ಇಳಿದಾಗ ಒಂಬತ್ತೂ ಹತ್ತು.
ಗೋಣಿ ಮಡಚುತ್ತಿದ್ದರು.